ಎಡ ಮೊಣಕಾಲು

ಫೆಬ್ರವರಿ 11

ಪ್ರೀತಿಯ ಮೂರು,

ನಮ್ಮ ಮನವಿಯನ್ನು ಅಥ್ಲೆಟಿಕ್ ಒಕ್ಕೂಟ ವಿಚಾರಣೆಗೆ ಎತ್ತಿಕೊಂಡಿದೆ. ಇವತ್ತು ಬೆಳಿಗ್ಗೆ ಕಾರ್ಯದರ್ಶಿಯೇ ಫೋನ್ ಮಾಡಿ ಹೇಳಿದರು. ಮೇ ತಿಂಗಳಲ್ಲಿ ನಿಯಮ ಸಮಿತಿಯ ಮುಂದೆ ನಾವು ಮಾತಾಡಬೇಕು.

ಸುದ್ದಿ ಮೊದಲು, ಯಾರು ಹೇಳಿದರು ಎನ್ನುವುದು ಆಮೇಲೆ. ಪತ್ರಿಕೆಯ ಕ್ರೀಡಾಪುಟದ ಮೇಜಿನಲ್ಲಿ ಕೂತು ಕೂತು ಬಂದ ಚಾಳಿ, ನಿವೃತ್ತಿಯಾದರೂ ಬಿಟ್ಟಿಲ್ಲ. ನೀನು ಫೋನ್ ಎತ್ತುವುದಿಲ್ಲ. ಎತ್ತಿದರೂ "ನನ್ನ ಮಾತು ಮುಗಿಯೋಕೇ ಬಿಡಲ್ಲ ನೀನು, ಬರೆದು ಹಾಕು" ಅನ್ನುತ್ತೀಯ. ಆದ್ದರಿಂದ ಈ ಪತ್ರ.

ನಾವು ಐದು ಜನ ಹಳೆಯ ಓಟಗಾರ್ತಿಯರು ಸೇರಿದ್ದೇವೆ. ನಮ್ಮ ರಿಲೇ ತಂಡದ ಎರಡು ಕೂಡ ಇದ್ದಾಳೆ; ಈಗಲೂ ಯಾವುದೋ ಶಾಲೆಯ ಮೈದಾನದಲ್ಲಿ ಸೀಟಿ ಊದುತ್ತಾಳೆ. ಕೋಚ್ ನಮ್ಮನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ, ಓಡುವ ಸರದಿಯೇ ಹೆಸರು. ಅವಳನ್ನು ಅವಳ ಗಂಡ ಕೂಡ "ಎರಡು" ಅಂತಲೇ ಕೂಗುತ್ತಾನಂತೆ. "ಮೊದಲನೆಯವರು ಎಲ್ಲಿದ್ದಾರೆ ಸಾರ್?" ಎಂದು ಪಕ್ಕದ ಮನೆಯವರು ವಿಚಾರಿಸಿದರಂತೆ.

ನಾವು ಕೇಳುತ್ತಿರುವುದು ಇಷ್ಟೇ. ಹೆಂಗಸರ ಓಟ ಹೆಂಗಸರಿಗೇ ಇರಬೇಕು. ರಾಷ್ಟ್ರಮಟ್ಟಕ್ಕೆ ಬರುವ ಪ್ರತಿ ಹುಡುಗಿಗೂ ಒಂದು ಸಲ, ಒಂದೇ ರೀತಿಯ ಲಿಂಗ ಪರೀಕ್ಷೆ ಆಗಬೇಕು. ಈಗಿನ ಪದ್ಧತಿ ನಿನಗೆ ಗೊತ್ತಿಲ್ಲದಿರಬಹುದು: ಯಾರಾದರೂ ದೂರು ಕೊಟ್ಟರೆ ಮಾತ್ರ ಪರೀಕ್ಷೆ. ಕೊಡುವವರು ಯಾರು? ಸೋತ ಹುಡುಗಿಯ ಕೋಚು. ಯಾರ ಮೇಲೆ? ಕೂದಲು ಗಿಡ್ಡ ಇರುವವಳ ಮೇಲೆ, ದನಿ ದಪ್ಪ ಇರುವವಳ ಮೇಲೆ. ಎಲ್ಲರಿಗೂ ಮಾಡಿದರೆ ಯಾರತ್ತಲೂ ಬೆರಳು ತೋರಿಸಿದಂತಾಗುವುದಿಲ್ಲ. ಗಂಡು ಹೆಣ್ಣಿನ ಓಟದ ನಡುವೆ ಗೆರೆಯೇ ಬೇಡ ಎನ್ನುವವರೂ ಇದ್ದಾರೆ. ಗೆರೆ ಇಲ್ಲದಿದ್ದರೆ ನಾವು ನಾಲ್ವರೂ ಆಗ ಪ್ರೇಕ್ಷಕರ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟುತ್ತಿದ್ದೆವು ಅಷ್ಟೇ.

ಮನವಿ ಶುರುವಾಗುವುದು ನಿನ್ನ ಎಡ ಮೊಣಕಾಲಿನಿಂದ. ಗಂಡಸರಿಗೆ ಹೊಸ ರಬ್ಬರ್ ಟ್ರ್ಯಾಕು, ನಮಗೆ ಮೈದಾನದ ಅಂಚಿನ ಜಲ್ಲಿ ಹಾದಿ. ಅದರ ಮೇಲೆ ಓಡಿ ಓಡಿ, ದೊಡ್ಡ ಕೂಟ ಇನ್ನೇನು ಬಂತು ಅನ್ನುವಾಗ, ನಿನ್ನ ಮೊಣಕಾಲು ಹೋಯಿತು. ನಾನು ಮೊದಲ ಲೇಖನ ಬರೆದದ್ದೇ ಅದರ ಬಗ್ಗೆ. ಆ ಲೇಖನದಿಂದಲೇ ಹೆಂಗಸರಿಗೂ ಟ್ರ್ಯಾಕು ತೆರೆದರು. ನಾನು ಎಲ್ಲಿ ಭಾಷಣಕ್ಕೆ ನಿಂತರೂ ನಿನ್ನ ಮೊಣಕಾಲು ನನ್ನ ಜೊತೆಗೇ ಬರುತ್ತದೆ. ಬಿಸಿನೀರಿನ ಚೀಲ ಇಟ್ಟು ಇಟ್ಟು ನನ್ನ ಅಂಗೈ ಸುಲಿದಿತ್ತು, ನೆನಪಿದೆಯಾ?

ನಿನ್ನ ಸಹಿ ಬೇಕು. ಕಾಗದ ಇದರ ಜೊತೆಗಿದೆ.

ನಿನ್ನ
ನಾಲ್ಕು

---

ಮಾರ್ಚ್ 2

ಪ್ರೀತಿಯ ನಾಲ್ಕು,

ಉತ್ತರ ತಡವಾಯಿತು. ಶಾಲೆಯ ಮಕ್ಕಳ ಕಣ್ಣಿನ ತಪಾಸಣೆ ನಡೆಯುತ್ತಿದೆ, ನಮ್ಮ ಕನ್ನಡಕದ ಅಂಗಡಿ ತುಂಬ ಮಕ್ಕಳು. ಹಿಂದಿನ ಕತ್ತಲೆ ಕೋಣೆಯಲ್ಲಿ ಇಡೀ ದಿನ ನನ್ನದು ಒಂದೇ ಮಾತು: "ಇದು ಚೆನ್ನಾಗಿ ಕಾಣುತ್ತಾ, ಇದಾ?" ಹೊರಗೆ ಬಿಲ್ಲು ಬರೆಯುವ ನಮ್ಮ ಯಜಮಾನರು ಹೇಳುತ್ತಾರೆ, "ಮನೇಲೂ ಹಾಗೇ ಕೇಳ್ತೀಯ. ಈ ತಲೆದಿಂಬಾ, ಆ ತಲೆದಿಂಬಾ."

ನಿನ್ನೆ ಒಬ್ಬ ಹುಡುಗಿ ಬಂದಿದ್ದಳು. ಕನ್ನಡಕ ಬೇಡವೆಂದು ಗೋಡೆಯ ಮೇಲಿನ ಅಕ್ಷರದ ಹಲಗೆಯನ್ನು ಬಾಯಿಪಾಠ ಮಾಡಿಕೊಂಡಿದ್ದಳು. ಕೊನೆಯ ಸಾಲನ್ನೂ ತಡವರಿಸದೆ ಓದಿದಳು. ನಾನು ಹಲಗೆಯ ದೀಪ ಆರಿಸಿದೆ. ಆಮೇಲೂ ಓದುತ್ತಿದ್ದಳು. ಇಂಥವರಿಗೆ ನಾನು ನಿಂತುಕೊಂಡು ಏನನ್ನೂ ಹೇಳುವುದಿಲ್ಲ. ಮಣೆ ಎಳೆದುಕೊಂಡು, ಅವರ ಕಣ್ಣಿನ ಮಟ್ಟಕ್ಕೆ ಕೂತು ಹೇಳುತ್ತೇನೆ. ಅಳುತ್ತಾರೆ, ಆದರೆ ಕಡಿಮೆ.

ಸಹಿ ಹಾಕುತ್ತಿಲ್ಲ. ಬೇಜಾರು ಮಾಡಿಕೊಳ್ಳಬೇಡ. ಇನ್ನೊಂದು ಮಾತು: ಮನವಿಯಿಂದ ನನ್ನ ಮೊಣಕಾಲನ್ನು ತೆಗೆದುಬಿಡು. ಜಲ್ಲಿ ಹಾದಿಯ ಬಗ್ಗೆ ಬರೆಯಲು ಬೇರೆಯವರ ಕಾಲುಗಳು ಬೇಕಾದಷ್ಟಿವೆ. ಎರಡನ್ನೇ ಕೇಳು, ಅವಳ ಹಿಮ್ಮಡಿ ಆಗಲೇ ಹಾಳಾಗಿತ್ತು. ಯಾಕೆ ಎಂದು ಮಾತ್ರ ಕೇಳಬೇಡ.

ನಿನ್ನ ಅಕ್ಷರ ದೊಡ್ಡದಾಗುತ್ತಿದೆ. ಕನ್ನಡಕ ಬದಲಿಸಬೇಕು, ಬಾ ಒಂದು ದಿನ.

ಇತಿ
ಮೂರು

---

ಮಾರ್ಚ್ 9

ಪ್ರೀತಿಯ ಮೂರು,

ಮೊಣಕಾಲು ತೆಗೆಯಲಾಗುವುದಿಲ್ಲ. ಮನವಿ ಅಚ್ಚಾಗಿ ಸಮಿತಿಯ ಸದಸ್ಯರ ಕೈ ಸೇರಿದೆ. ಕಳಿಸಿದವಳು ನಾನೇ, ನಿನ್ನ ಪತ್ರ ಬರುವ ಹಿಂದಿನ ದಿನ. ನೀನು ಒಪ್ಪುತ್ತೀಯ ಎಂದುಕೊಂಡೆ. ನಿನ್ನ ಹೆಸರು ಹಾಕಿಲ್ಲ, "ತಂಡದ ಮೂರನೆಯ ಓಟಗಾರ್ತಿ" ಎಂದಷ್ಟೇ ಇದೆ.

ಕಾರಣ ಕೇಳಬೇಡ ಅಂದರೆ ಹೇಗೆ? ನೀನು ಹೋದ ಮೇಲೆ ಆ ಕೂಟದಲ್ಲಿ ನಾವು ಏನಾದೆವು ಎಂದು ನಿನಗೆ ಗೊತ್ತು. ನಿನ್ನ ಜಾಗಕ್ಕೆ ಬಂದ ಹುಡುಗಿ ರಿಲೇ ಕೋಲು ಹಿಡಿದು ಬರುತ್ತಿದ್ದಳು. ನಾನು ಯಾವಾಗ ಹೊರಡಬೇಕು ಎನ್ನುವುದರ ಗುರುತಿಗೆ ನೆಲಕ್ಕೆ ಅಂಟಿಸಿದ್ದ ಪಟ್ಟಿ ಇದ್ದದ್ದು ನಿನ್ನ ವೇಗಕ್ಕೆ. ಎಷ್ಟೋ ವರ್ಷ ಪಾದದಿಂದ ಪಾದಕ್ಕೆ ಅಳೆದು ಅದೇ ಜಾಗಕ್ಕೆ ಅಂಟಿಸಿ ಅಭ್ಯಾಸ. ಅವತ್ತೂ ಕೈ ಅಲ್ಲೇ ಅಂಟಿಸಿತು. ಅವಳು ಪಟ್ಟಿ ದಾಟಿದ್ದು ಕಂಡದ್ದೇ ತಿರುಗಿ ನೋಡದೆ ಓಡಿದೆ. ಅವಳು ಕೂಗುತ್ತಲೇ ಇದ್ದಳು, ಕೋಲು ಕೈಗೆ ಸಿಗುವಷ್ಟರಲ್ಲಿ ನಾನು ಕೋಲು ಬದಲಿಸಬೇಕಾದ ಗಡಿಯ ಆಚೆಗಿದ್ದೆ. ತಂಡ ಅನರ್ಹ ಎಂದು ಕೆಂಪು ಬಾವುಟ ಎತ್ತಿದರು. ಅದು ನಿನ್ನ ಮೊಣಕಾಲು ನಮಗೆ ಮಾಡಿದ್ದು. ಅದನ್ನು ಬರೆಯುವ ಹಕ್ಕು ನನಗೂ ಸ್ವಲ್ಪ ಇದೆ.

ಪರೀಕ್ಷೆಯ ಬಗ್ಗೆ ನಿನಗೆ ಅಳುಕಿದ್ದರೆ, ನಮ್ಮ ಕಾಲದಲ್ಲಿ ಹೇಗಿತ್ತು ನೆನಪಿಸಿಕೊ. ಆ ಕೂಟಕ್ಕೆ ಮುಂಚೆ ಶಿಬಿರದಲ್ಲಿ ನಮಗೆಲ್ಲ ಮಾಡಿದ್ದರಲ್ಲ. ಬಾಯಿ ತೆರೆ, ಕೆನ್ನೆಯ ಒಳಗೆ ಹತ್ತಿ ಸವರು, ಮುಗಿಯಿತು. ನಾನು ಹೋದ ವಾರ ರೇಡಿಯೊದಲ್ಲೂ ಹೇಳಿದೆ: "ನಮಗೆ ಎಲ್ಲರಿಗೂ ಆಗಿತ್ತು, ಯಾರಿಗೂ ಏನೂ ಆಗಲಿಲ್ಲ."

ಸಹಿಯ ಕಾಗದ ಮತ್ತೊಮ್ಮೆ ಕಳಿಸುತ್ತಿದ್ದೇನೆ.

ನಾಲ್ಕು

---

ಮಾರ್ಚ್ 27

ನಾಲ್ಕು,

ರೇಡಿಯೊ ನಾನೂ ಕೇಳಿದೆ. ಅಂಗಡಿಯಲ್ಲಿ ಹಾಕಿತ್ತು. ನಮ್ಮ ಯಜಮಾನರು ಎದ್ದು ಹೋಗಿ ಆರಿಸಿದರು.

ಯಾರಿಗೂ ಏನೂ ಆಗಲಿಲ್ಲ ಎಂದೆಯಲ್ಲ. ನನಗೆ ಆಯಿತು.

ಹತ್ತಿ ಸವರಿಕೊಂಡು ಹೋದರಲ್ಲ, ಅದಾದ ವಾರ ನನ್ನನ್ನು ಸಾಮಾನಿನ ಕೋಣೆಗೆ ಕರೆಸಿದರು. ಹರ್ಡಲುಗಳನ್ನು ಒಂದರ ಮೇಲೊಂದು ಪೇರಿಸಿಟ್ಟ ಆ ಕೋಣೆ, ನಾವು ಮಳೆ ಬಂದಾಗ ನುಗ್ಗುತ್ತಿದ್ದದ್ದು. ತಂಡದ ಮ್ಯಾನೇಜರು, ಒಬ್ಬ ಡಾಕ್ಟರು, ಬಾಗಿಲ ಹತ್ತಿರ ಕೋಚು. ಎಲ್ಲರೂ ನಿಂತಿದ್ದರು, ನಾನೂ ನಿಂತಿದ್ದೆ. ಡಾಕ್ಟರು ಕಾಗದ ನೋಡುತ್ತಾ ಹೇಳಿದರು, ನನ್ನ ಮುಖ ನೋಡಲಿಲ್ಲ. ನನ್ನ ಜೀವಕೋಶದಲ್ಲಿ ಗಂಡಸರಿಗಿರುವಂಥದ್ದು ಇದೆಯಂತೆ. ನೋಡೋಕೆ ಹೆಣ್ಣೇ, ಬೆಳೆದದ್ದೂ ಹೆಣ್ಣಾಗಿಯೇ, ಆದರೆ ಪರೀಕ್ಷೆಯ ಪ್ರಕಾರ ಅಲ್ಲವಂತೆ. ಮಕ್ಕಳಾಗುವುದಿಲ್ಲ ಎನ್ನುವುದನ್ನೂ ಅದೇ ಉಸಿರಿನಲ್ಲಿ ಹೇಳಿದರು. ನನಗೆ ಆಗ ಹತ್ತೊಂಬತ್ತು. ನಾನು ಕೇಳಿದ್ದು ಒಂದೇ: "ನಾಳೆ ಅಭ್ಯಾಸಕ್ಕೆ ಬರಬೇಕಾ, ಬೇಡವಾ?"

ಮ್ಯಾನೇಜರು ಕೆಟ್ಟವರಲ್ಲ. ಅವರಿಗೂ ಬೇಗ ಮುಗಿಸಿ ಹೊರಗೆ ಹೋಗಬೇಕಿತ್ತು. "ನೋಡಮ್ಮ, ನಿನ್ನ ಮಾನ ನಮಗೂ ಮುಖ್ಯ. ಪೆಟ್ಟಾಗಿದೆ ಅಂತ ಹೇಳೋಣ. ಯಾವ ಮೊಣಕಾಲು ಹೇಳೋಣ?" ಅಂದರು.

ಯಾವ ಮೊಣಕಾಲು ಎಂದು ನನ್ನನ್ನೇ ಕೇಳಿದರು ಕಣೆ. ನಾನು ಎಡ ಅಂದೆ. ನಾನು ಓಡುತ್ತಿದ್ದದ್ದು ತಿರುವಿನಲ್ಲಲ್ಲವಾ, ತಿರುವಿನಲ್ಲಿ ಒಳಗಾಲು ಎಡಗಾಲು, ಭಾರವೆಲ್ಲ ಅದಕ್ಕೇ. ನಂಬುವಂತಿರಬೇಕಲ್ಲ. ಬುದ್ಧಿ ಆಗಲೂ ಚುರುಕಾಗೇ ಇತ್ತು.

ಆಮೇಲೆ ಅಲ್ಲೇ ಬ್ಯಾಂಡೇಜು ಸುತ್ತಿದರು. ನೀನು ಬಿಸಿನೀರಿನ ಚೀಲ ತಂದು ಇಟ್ಟದ್ದು ಯಾವ ನೋವೂ ಇಲ್ಲದ ಮೊಣಕಾಲಿನ ಮೇಲೆ. "ಇಲ್ಲಿ ನೋಯ್ತಿದೆಯಾ, ಇಲ್ಲಾ?" ಎಂದು ನೀನು ಒತ್ತಿ ಒತ್ತಿ ಕೇಳುತ್ತಿದ್ದೆ. ನಾನು "ಹ್ಞೂಂ" ಅನ್ನುತ್ತಿದ್ದೆ. ಅತ್ತದ್ದು ನಿಜ, ಕಾರಣ ಮಾತ್ರ ಕಾಲಲ್ಲ. ಒಂದು ದಿನ ಊಟದ ಕೋಣೆಗೆ ಬರುವಾಗ ಮರೆತು ಬಲಗಾಲು ಕುಂಟಿದೆ. ಕೋಚ್ ನನ್ನ ಪಕ್ಕ ಹಾದು ಹೋಗುತ್ತಾ ಮೆಲ್ಲಗೆ "ಎಡ" ಅಂದರು. ಅವರು ನನಗೆ ಕೊಟ್ಟ ಕೊನೆಯ ಸಲಹೆ ಅದು.

ಬಾಯಿ ಬಿಡದೆ ಇದ್ದದ್ದು ಮಾನಕ್ಕಷ್ಟೇ ಅಲ್ಲ. ಹಿಂದಿನ ವರ್ಷ ನಾವು ನಾಲ್ವರೂ ಗೆದ್ದ ಪದಕ ಇತ್ತಲ್ಲ. ನನ್ನ ಹೆಸರು ಹೊರಬಿದ್ದರೆ ನಿಮ್ಮ ಮೂವರ ಕೊರಳಿನದೂ ಹೋಗುತ್ತದೆ ಎಂದುಕೊಂಡೆ. ಆಗ ಎರಡು ಅದನ್ನು ಹಾಕಿಕೊಂಡೇ ಮಲಗುತ್ತಿದ್ದಳು.

ಮದುವೆಗೆ ಮುಂಚೆ ನಮ್ಮ ಯಜಮಾನರಿಗೆ ಹೇಳಿದೆ. ಅವರು "ನಿನಗೆ ಓಡೋದು ತುಂಬಾ ಇಷ್ಟ ಇತ್ತಾ?" ಎಂದು ಕೇಳಿದರು. ಮಕ್ಕಳ ವಿಷಯ ಬಂದಾಗಲೆಲ್ಲ ಅವರ ಅಮ್ಮನ ಎದುರು "ತೊಂದರೆ ನನ್ನದು" ಎಂದು ತಮ್ಮ ಮೇಲೇ ಹಾಕಿಕೊಂಡರು. ಅವರಮ್ಮ ಸಾಯುವವರೆಗೂ ನನ್ನನ್ನು ಅಯ್ಯೋ ಪಾಪ ಎಂದು ನೋಡಿಕೊಂಡರು.

ಆ ಸಾಮಾನಿನ ಕೋಣೆಯ ದಿನದಿಂದ ನಾನು ಓಡಿಲ್ಲ. ಟ್ರ್ಯಾಕಿನ ಮಾತಲ್ಲ. ಬಸ್ಸಿಗೂ ಓಡಿಲ್ಲ. ಮೊಣಕಾಲು ಹೋದವಳು ಬಸ್ಸಿಗೆ ಓಡಿದರೆ ನೋಡಿದವರು ಏನನ್ನುತ್ತಾರೆ? ಬಸ್ಸು ಹೋಗುವುದನ್ನು ನಿಂತು ನೋಡಿದ್ದೇನೆ, ಹಿಡಿಯಬಲ್ಲೆ ಎಂದು ಗೊತ್ತಿದ್ದೂ.

ನಿನ್ನ ನಿಯಮ ತಪ್ಪು ಎಂದು ನಾನು ಹೇಳುತ್ತಿಲ್ಲ. ಗೆರೆ ಬೇಕು, ಅದೂ ನನಗೆ ಗೊತ್ತು. ಆದರೆ ಗೆರೆ ಎಳೆದಾಗ ಅದು ಯಾರದೋ ಮೈಮೇಲೆ ಹಾದು ಹೋಗುತ್ತದೆ. ಅವಳು ಏನೂ ಮಾಡಿರುವುದಿಲ್ಲ. ಅವಳಿಗೆ ಯಾರು ಹೇಳುತ್ತಾರೆ, ಯಾವ ಕೋಣೆಯಲ್ಲಿ, ಕೂರಿಸಿಯಾ, ನಿಲ್ಲಿಸಿಯಾ, ಅದನ್ನು ನಿಮ್ಮ ನಿಯಮದಲ್ಲಿ ಬರೆಯಿರಿ. ಮೊಣಕಾಲು ಆರಿಸಿಕೊ ಅನ್ನಬಾರದು ಎಂದೂ ಬರೆಯಿರಿ.

ಇದು ನಿನಗೆ ಮಾತ್ರ. ಎರಡಿಗೂ ಬೇಡ.

ಮೂರು

---

ಏಪ್ರಿಲ್ 6

ಮೂರು,

ನಿನ್ನ ಪತ್ರವನ್ನು ಮತ್ತೆ ಮತ್ತೆ ಓದಿದೆ.

ನಾನು ಒತ್ತಿ ಒತ್ತಿ ಕೇಳುತ್ತಿದ್ದದ್ದು ಕಣ್ಣಿಗೆ ಕಟ್ಟುತ್ತದೆ. ನಿನ್ನ ಕಾಲು ಹಿಡಿದುಕೊಂಡು ಕೂತಿದ್ದೆ, ಮುಖ ನೋಡಲಿಲ್ಲ. ಆ ಡಾಕ್ಟರಿಗಿಂತ ನಾನು ಹೆಚ್ಚಿನವಳೇನಲ್ಲ.

ಮನವಿ ಹಿಂದಕ್ಕೆ ಪಡೆಯಲು ಮನಸ್ಸು ಒಪ್ಪುತ್ತಿಲ್ಲ, ಅದನ್ನು ನಿನ್ನಿಂದ ಮುಚ್ಚಿಡುವುದಿಲ್ಲ. ನೀನು ಕೇಳಿದ ಅಂಶವನ್ನು ಸೇರಿಸುತ್ತೇನೆ. ಫಲಿತಾಂಶವನ್ನು ಮಹಿಳಾ ವೈದ್ಯರೇ ಹೇಳಬೇಕು, ಮುಚ್ಚಿದ ಕೋಣೆಯಲ್ಲಿ, ಇಬ್ಬರೂ ಕೂತು. ಹುಡುಗಿ ಬಯಸಿದರೆ ಹಳೆಯ ಓಟಗಾರ್ತಿ ಒಬ್ಬಳು ಜೊತೆಗಿರಬೇಕು. ಸುಳ್ಳು ಕಾರಣ ಕೊಡಬಾರದು. ಒಕ್ಕೂಟ ಪತ್ರಿಕೆಗಳಿಗೆ ಏನೂ ಹೇಳಬಾರದು, ಅಷ್ಟೇ.

ನಿನ್ನ ಹೆಸರು ಎಲ್ಲೂ ಬರುವುದಿಲ್ಲ.

ನಾಲ್ಕು

---

ಮೇ 19

ಮೂರು,

ನೀನು ಕೇಳಿದ ಅಂಶಕ್ಕೆ ಸಮಿತಿ ಇವತ್ತು ಒಪ್ಪಿತು. ಅಧ್ಯಕ್ಷರು ಸಭೆಯಲ್ಲೇ ಓದಿ ಹೇಳಿದರು. ನಾಳಿನ ಪತ್ರಿಕೆಯಲ್ಲಿ ಇನ್ನೊಂದು ಸುದ್ದಿಯೂ ಬರಬಹುದು. ಅದನ್ನು ನೀನು ನನ್ನಿಂದಲೇ ಮೊದಲು ಕೇಳಬೇಕು ಎಂದು ಅಂಚೆ ಬಿಟ್ಟು, ನಿಮ್ಮ ಕಡೆಗೆ ಬರುವ ಬಸ್ಸಿನ ಡ್ರೈವರ್ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ. ಫೋನ್ ಮಾಡಿದೆ, ನೀನು ಎತ್ತಲಿಲ್ಲ.

ಪರೀಕ್ಷೆಯ ಬಗ್ಗೆ ಹೆಚ್ಚು ಚರ್ಚೆಯೇ ಆಗಲಿಲ್ಲ. ಸಿಕ್ಕಿಕೊಂಡದ್ದು ನಿನ್ನ ಅಂಶದಲ್ಲಿ. "ಅಮ್ಮಾ, ಫಲಿತಾಂಶ ಹೇಳೋದನ್ನ ಡಾಕ್ಟರಿಗೆ ನೀವು ಹೇಳಿಕೊಡಬೇಕಾ?" ಎಂದು ಒಬ್ಬ ಸದಸ್ಯರು ಕೇಳಿದರು, ಅವರೂ ಡಾಕ್ಟರೇ. ಅಧ್ಯಕ್ಷರು "ಇದು ಸೌಜನ್ಯದ ವಿಷಯ, ನಿಯಮದ ವಿಷಯ ಅಲ್ಲ. ಬಿಟ್ಟುಬಿಡೋಣ" ಎಂದು ಪೆನ್ನು ತೆಗೆದರು. ಅದನ್ನು ಹೊಡೆದು ಹಾಕುವುದರಲ್ಲಿದ್ದರು.

ನಾನು ಎದ್ದು ನಿಂತೆ. "ಸೌಜನ್ಯಕ್ಕೆ ಬಿಟ್ಟಾಗ ಏನಾಯ್ತು ಅಂತ ನಾನು ಹೇಳ್ತೀನಿ. ನನ್ನ ಜೊತೆ ರಿಲೇ ಓಡಿದವಳಿಗೆ ಸಾಮಾನಿನ ಕೋಣೇಲಿ ನಿಲ್ಲಿಸಿ ಹೇಳಿದ್ರು. ಪೆಟ್ಟಾಗಿದೆ ಅಂತ ಹೇಳೋಣ, ಯಾವ ಮೊಣಕಾಲು ಅಂತ ಅವಳನ್ನೇ ಕೇಳಿದ್ರು" ಅಂದೆ.

ಆಮೇಲೆ ಕಾಗದ ಮಗುಚುವ ಸದ್ದು ಕೇಳಿಸಿತು. ಒಬ್ಬೊಬ್ಬರಾಗಿ ಮನವಿಯ ಮೊದಲ ಪುಟಕ್ಕೆ ತಿರುಗಿಸುತ್ತಿದ್ದರು. ಅಲ್ಲಿ ನಿನ್ನ ಎಡ ಮೊಣಕಾಲು ಇತ್ತು. ಮೂರನೆಯ ಓಟಗಾರ್ತಿ ಎಂದೂ ಇತ್ತು. ನನ್ನದೇ ಬರಹ.

ಹಿಂದಿನ ಸಾಲಿನಲ್ಲಿ ಪತ್ರಿಕೆಯವರಿದ್ದರು. ಒಬ್ಬಳು ನಾನೇ ಕೆಲಸ ಕಲಿಸಿದವಳು. ಬರೆಯಬೇಡ ಎಂದು ಬೇಡಿಕೊಂಡೆ, ಅವಳ ಕಾಲು ಹಿಡಿಯುವುದೊಂದು ಬಾಕಿ. "ನೀವೇ ತಾನೇ ಮೇಡಂ ಹೇಳಿಕೊಟ್ಟದ್ದು, ಸಭೇಲಿ ಎದ್ದು ಹೇಳಿದ್ದು ಸುದ್ದಿ ಅಂತ" ಅಂದಳು.

ನಿನ್ನ ಹೆಸರು ನಾನು ಹೇಳಲಿಲ್ಲ. ಈ ವಾಕ್ಯ ಬರೆದು ನೋಡಿದರೆ ಅದಕ್ಕೆ ಅರ್ಥವೇ ಇಲ್ಲ.

ನಾಲ್ಕು

---

ಜೂನ್ 14

ಮಾನ್ಯರೇ,

ನನ್ನ ಹೆಂಡತಿ ಅಂಗಡಿಗೆ ಬರುತ್ತಿಲ್ಲ. ಪತ್ರಿಕೆಯಲ್ಲಿ ಸುದ್ದಿ ಬಂದ ಮೇಲೆ ನಿಮ್ಮ ಮೂರು ಪತ್ರಗಳು ಬಂದಿವೆ, ಅವಳು ತೆರೆದಿಲ್ಲ. ನಾನೂ ತೆರೆದಿಲ್ಲ. ಇದನ್ನು ಅವಳಿಗೆ ಹೇಳದೆ ಬರೆಯುತ್ತಿದ್ದೇನೆ.

ಪತ್ರಿಕೆಯವರು ಕಣ್ಣು ತೋರಿಸಿಕೊಳ್ಳುವ ನೆಪದಲ್ಲಿ ಬಂದರು. ಅವಳು ಒಬ್ಬನನ್ನು ಕೂರಿಸಿ, ಹಲಗೆ ಓದಿಸಿ, ಪೂರ್ತಿ ಪರೀಕ್ಷೆ ಮಾಡಿದಳು. ಅವನು ಆಮೇಲೆ ಪ್ರಶ್ನೆ ತೆಗೆದ. ಅವಳು "ನಿಮಗೆ ಎಡಗಣ್ಣು ಸ್ವಲ್ಪ ಮಂದ ಇದೆ, ಹೊರಗೆ ಬರೆಸಿಕೊಳ್ಳಿ" ಎಂದು ಎದ್ದು ಮನೆಗೆ ಹೋದಳು. ಅವತ್ತಿನಿಂದ ಬಂದಿಲ್ಲ. ನಾನು ಅವನಿಗೆ ಕನ್ನಡಕ ಮಾಡಿಕೊಡಲಿಲ್ಲ. ನಮ್ಮ ಅಂಗಡಿಯ ಚರಿತ್ರೆಯಲ್ಲಿ ಗಿರಾಕಿಯನ್ನು ಎಬ್ಬಿಸಿ ಕಳಿಸಿದ್ದು ಅದೇ ಮೊದಲು.

ಬೀದಿಯವರು ಕೆಟ್ಟದಾಗಿ ನಡೆದುಕೊಂಡಿಲ್ಲ. ಅದೇ ಕಷ್ಟ. ಎಲ್ಲರೂ ಮೆಲ್ಲಗೆ ಮಾತಾಡುತ್ತಾರೆ. ನಿಮ್ಮ ತಂಡದ ಎರಡನೆಯವರು ಫೋನ್ ಮಾಡಿದ್ದರು. ತುಂಬಾ ಹೊತ್ತು ಸಮಾಧಾನ ಹೇಳಿದರು. ಕೊನೆಗೆ "ಹಾಗಾದ್ರೆ ನಮ್ಮ ಪದಕ ಹೋಗುತ್ತಾ?" ಎಂದು ಕೇಳಿದರು.

ನನಗೆ ಅವಳು ಮದುವೆಗೆ ಮುಂಚೆಯೇ ಹೇಳಿದ್ದಳು. ಯಾರಿಗೆ ಹೇಳಬೇಕು, ಯಾವಾಗ ಹೇಳಬೇಕು ಎನ್ನುವುದು ಅವಳ ಕೈಯಲ್ಲಿತ್ತು. ಅದೊಂದೇ ಅವಳ ಕೈಯಲ್ಲಿದ್ದದ್ದು. ನೀವು ಒಳ್ಳೆಯದಕ್ಕೇ ಹೇಳಿದಿರಿ ಎಂದು ನಂಬುತ್ತೇನೆ. ಸದ್ಯಕ್ಕೆ ಪತ್ರ ಬರೆಯಬೇಡಿ.

ಇತಿ,
ಕನ್ನಡಕದ ಅಂಗಡಿಯವನು

---

ಆಗಸ್ಟ್ 30

ಮೂರು,

ಬರೆಯಬೇಡಿ ಎಂದು ನಿಮ್ಮ ಮನೆಯವರು ಹೇಳಿದ್ದರು. ಇಷ್ಟು ದಿನ ಬರೆಯಲಿಲ್ಲ. ನೀನು ಇದನ್ನೂ ತೆರೆಯದಿರಬಹುದು.

ಹೊಸ ನಿಯಮದ ಮೊದಲ ಸುತ್ತಿನ ಪರೀಕ್ಷೆ ಮುಗಿದಿದೆ. ಒಬ್ಬ ಹುಡುಗಿಗೆ ಕರೆ ಹೋಗಿದೆ. ಒಕ್ಕೂಟದ ವೈದ್ಯೆ ಹೇಳಿದರು. ಹೆಸರು ಹೇಳಲಿಲ್ಲ, ಹೇಳಲೂಬಾರದು. ನನಗೆ ತಿಳಿಸಿದ್ದು ಯಾಕೆಂದರೆ ಹಳೆಯ ಓಟಗಾರ್ತಿ ಒಬ್ಬರು ಜೊತೆಗಿರಲಿ ಎಂದು ಆ ಹುಡುಗಿ ಕೇಳಿದ್ದಾಳೆ. ನಾನು ಬರುತ್ತೇನೆ ಎಂದು ಒಪ್ಪಿಕೊಂಡೆ.

ಹಳೆಯ ಫಲಿತಾಂಶಗಳನ್ನು ಕೆದಕುವುದಿಲ್ಲ ಎಂದು ಒಕ್ಕೂಟ ಬರೆದು ಕೊಟ್ಟಿದೆ. ಪದಕ ಉಳಿಯಿತೆಂದು ಎರಡು ಈಗ ನೆಮ್ಮದಿಯಾಗಿ ನಿದ್ದೆ ಮಾಡುತ್ತಿದ್ದಾಳೆ.

ಮನವಿ ಕೊಟ್ಟ ನಮ್ಮ ಗುಂಪಿನ ಸಂಚಾಲಕಿಯ ಜಾಗವನ್ನು ನಾನು ಬಿಟ್ಟಿದ್ದೇನೆ. ನಿಯಮ ಸರಿಯೆಂದೇ ಈಗಲೂ ಅಂದುಕೊಂಡಿದ್ದೇನೆ. ಅದನ್ನು ಗಟ್ಟಿಯಾಗಿ ಹೇಳುವ ಬಾಯಿ ಮಾತ್ರ ನನ್ನದಾಗಿರಬಾರದು. ಭಾಷಣಕ್ಕೆ ಕರೆದಿದ್ದರು, ಹೋಗಲಿಲ್ಲ. ಹೋದರೆ ಯಾವ ಕಥೆ ಹೇಳಲಿ? ಇಷ್ಟು ವರ್ಷ ನನ್ನ ಹತ್ತಿರ ಇದ್ದದ್ದು ನಿನ್ನದೊಂದೇ.

ಒಂದು ಕೇಳಬೇಕಿತ್ತು. ಆ ಕೋಣೆಯಲ್ಲಿ ಏನು ಹೇಳಬೇಕೆಂದು ಕೇಳುವುದಿಲ್ಲ. ಏನು ಹೇಳಬಾರದು, ಅದನ್ನಷ್ಟೇ ತಿಳಿಸುತ್ತೀಯಾ? ಒಂದು ಸಾಲು ಸಾಕು.

ನಾಲ್ಕು

---

ಸೆಪ್ಟೆಂಬರ್ 12

ನಾಲ್ಕು,

ಆ ಕೋಣೆಗೆ ಹೋಗುವವಳು ನೀನಲ್ಲ, ನಾನು. ವೈದ್ಯೆಗೆ ನಾನೇ ಫೋನ್ ಮಾಡಿ ಹೇಳಿದೆ. ಅವರು ಆ ಹುಡುಗಿಯನ್ನು ಕೇಳಿ, ಅವಳು ಹ್ಞೂಂ ಅಂದ ಮೇಲೆ, ನಿನ್ನೆ ಒಪ್ಪಿಗೆ ಕೊಟ್ಟರು. ನಿನ್ನ ಹಾಗೇ ಸುದ್ದಿ ಮೊದಲು ಬರೆದಿದ್ದೇನೆ ನೋಡು.

ನಿನ್ನ ಪತ್ರಗಳನ್ನೆಲ್ಲ ಹೋದ ವಾರ ಒಟ್ಟಿಗೆ ತೆರೆದೆ. ನಿನ್ನನ್ನು ಕ್ಷಮಿಸಿದ್ದೇನೆ ಎಂದು ಬರೆಯಲು ಕೂತೆ, ಆಗಲಿಲ್ಲ. ಕ್ಷಮಿಸುವುದಿಲ್ಲ ಎಂದು ಬರೆಯಲೂ ಆಗಲಿಲ್ಲ. ನಾನು ಪಟ್ಟಿಯ ಗುರುತಿಗೆ ಬರುವ ಮೊದಲೇ ಹೊರಟುಬಿಡುವುದು ನಿನ್ನ ಹುಟ್ಟುಗುಣ. ಟ್ರ್ಯಾಕಿನ ಮೇಲೆ ನಾನು ಇನ್ನಷ್ಟು ಜೋರಾಗಿ ಓಡಿ ಅದನ್ನು ಸರಿದೂಗಿಸುತ್ತಿದ್ದೆ. ಇಲ್ಲಿ ಅದಾಗಲಿಲ್ಲ.

ಅಂಗಡಿಗೆ ಮತ್ತೆ ಹೋಗುತ್ತಿದ್ದೇನೆ. ಮೊದಲ ದಿನ ಬಂದದ್ದು ಆ ಅಕ್ಷರದ ಹಲಗೆ ಬಾಯಿಪಾಠ ಮಾಡಿದ ಹುಡುಗಿ, ಕನ್ನಡಕದ ಕಾಲು ಮುರಿದುಕೊಂಡು. ಸರಿಮಾಡಿ ಕೊಡುವವರೆಗೂ ನನ್ನನ್ನೇ ನೋಡುತ್ತಿದ್ದಳು. "ಆಂಟಿ, ನೀವು ಓಡ್ತಿದ್ರಂತೆ" ಅಂದಳು. ಹೌದು ಅಂದೆ. "ಮೊಣಕಾಲಿಗೆ ಏನೂ ಆಗಿಲ್ಲವಂತೆ. ಮತ್ತೆ ಈಗ್ಯಾಕೆ ಓಡಲ್ಲ?" ಅಂದಳು. ಅವಳ ಅಮ್ಮ ಅವಳನ್ನು ಗದರಿಸಿ ಕರೆದುಕೊಂಡು ಹೋದರು. ಇಷ್ಟು ತಿಂಗಳಲ್ಲಿ ಮೆಲ್ಲಗೆ ಮಾತಾಡದವಳು ಅವಳೊಬ್ಬಳೇ.

ಮೊನ್ನೆ ಬಸ್ಸಿಗೆ ಓಡಿದೆ. ಸಿಗಲಿಲ್ಲ. ನಮ್ಮ ಯಜಮಾನರು ಹಿಂದಿನಿಂದ ಚೀಲ ಹಿಡಿದುಕೊಂಡು ಬರುತ್ತಿದ್ದರು. ಇಬ್ಬರೂ ನಿಲ್ದಾಣದ ಕಲ್ಲಿನ ಮೇಲೆ ಕೂತೆವು. ನಾನು ಏದುಸಿರು ಬಿಡುತ್ತಿದ್ದೆ. ಅವರು "ಸ್ವಲ್ಪದರಲ್ಲಿ ತಪ್ಪಿತು" ಅಂದರು. ಸ್ವಲ್ಪದರಲ್ಲಲ್ಲ, ಬಸ್ಸು ಆಗಲೇ ತಿರುವು ದಾಟಿತ್ತು. ಆ ಹಾದಿಯ ಬಸ್ಸುಗಳನ್ನೆಲ್ಲ ನಾನು ಒಂದು ಕಾಲದಲ್ಲಿ ಓಡಿದ್ದರೆ ಹಿಡಿಯುತ್ತಿದ್ದೆ. ಅಳು ಬಂದದ್ದು ಅದಕ್ಕೇ, ಬೇರೆ ಯಾವುದಕ್ಕೂ ಅಲ್ಲ.

ನೀನು ಕೇಳಿದ ಪ್ರಶ್ನೆಗೆ ಉತ್ತರ: ನಿನ್ನ ತಪ್ಪೇನೂ ಇಲ್ಲ ಎಂದು ಅವಳಿಗೆ ಅವಸರದಲ್ಲಿ ಹೇಳಬಾರದು. ಅವಳು ಇನ್ನೂ ತಪ್ಪಿನ ಮಾತೇ ಎತ್ತಿರುವುದಿಲ್ಲ. ನಾಳೆ ಅಭ್ಯಾಸಕ್ಕೆ ಬರಬೇಕಾ ಎಂದು ಅವಳು ಕೇಳುತ್ತಾಳೆ. ಅದಕ್ಕೆ ಸುಳ್ಳು ಹೇಳಬಾರದು. ಬೇಡ ಎಂದು ಹೇಳಿ, ಆಮೇಲೆ ಸುಮ್ಮನೆ ಕೂತಿರಬೇಕು, ಅವಳು ಏಳುವವರೆಗೂ. ಈ ಸುಮ್ಮನೆ ಕೂರುವುದು ನಿನ್ನಿಂದ ಆಗುವ ಕೆಲಸವಲ್ಲ. ನೀನು ಬರಬೇಡ. ಹೊರಗೆ ನಿಂತು ಕಾಯಲೂ ಬೇಡ.

ನಿನ್ನ ನಿಯಮದಿಂದ ಆ ಹುಡುಗಿ ಓಟ ಬಿಡುತ್ತಾಳೆ. ಅವಳನ್ನು ಕೂರಿಸಿ ಹೇಳುವುದೂ ಅದೇ ನಿಯಮದಿಂದಲೇ. ನಾನು ಇದನ್ನು ಎಷ್ಟು ಯೋಚಿಸಿದರೂ ಒಂದು ಕಡೆಗೆ ವಾಲುವುದಿಲ್ಲ.

ನಿನ್ನ ಅಕ್ಷರ ಇನ್ನೂ ದೊಡ್ಡದಾಗಿದೆ. ಅಲ್ಲೇ ಯಾರ ಹತ್ತಿರವಾದರೂ ಕಣ್ಣು ತೋರಿಸಿಕೊ.

ಗುರುವಾರ ಬೆಳಿಗ್ಗೆ ಹತ್ತು ಗಂಟೆಗೆ, ಒಕ್ಕೂಟದ ಕಚೇರಿಯಲ್ಲಿ, ಮೊದಲ ಮಹಡಿಯ ಮೂಲೆಯ ಕೋಣೆ. ಒಂದೇ ಎತ್ತರದ ಮೂರು ಕುರ್ಚಿ ಹಾಕಿಸುವುದಾಗಿ ವೈದ್ಯೆ ಹೇಳಿದ್ದಾರೆ.

ಮೂರು